ಗೇರುಬೀಜ ಸಾರ್ಟರ್: ಎಫ್‌ಪಿಜಿಎ ಮಾಡ್ಯೂಲ್ ಬದಲಿಸುವಾಗ ಬೋರ್ಡ್ ಸ್ತಬ್ಧ, ಕಂಟ್ರೋಲರ್ ಹೇಗಿರಬೇಕು?

ಬೈಕಂಪಾಡಿ_ಬೋರ್ಡ್:
ಗೇರುಬೀಜದ ತಿರುಳನ್ನು ಕ್ಯಾಮೆರಾದಲ್ಲಿ ನೋಡಿ, ಗಾಳಿ ಊದಿ ವಿಂಗಡಿಸುವ ಯಂತ್ರ. ಬೋರ್ಡಿನಲ್ಲಿ ಝಿಂಕ್ 7020 ಉಂಟು, ಅಂದರೆ ಪ್ರೊಸೆಸರ್ ಮತ್ತು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಬದಲಿಸಬಹುದಾದ ಭಾಗ) ಒಂದೇ ಚಿಪ್ಪಿನಲ್ಲಿ. ಕ್ಯಾಮೆರಾ ಇಂಟರ್‌ಫೇಸ್, ವಿಡಿಯೋ ಡಿಎಂಎ (ಪ್ರೊಸೆಸರಿನ ನೆರವಿಲ್ಲದೆ ಡೇಟಾ ಸಾಗಿಸುವ ಘಟಕ), ಗಾಳಿಯ ವಾಲ್ವ್ ಡ್ರೈವರ್ ಎಲ್ಲ ಸ್ಥಿರ ಭಾಗದಲ್ಲಿ. ಬದಲಾಗುವ ಭಾಗ ಒಂದೇ: ಡಬ್ಲ್ಯೂ 240, ಡಬ್ಲ್ಯೂ 320 ದರ್ಜೆಯ ತಿರುಳು ಬೇರ್ಪಡಿಸಲು ಗಾತ್ರದ ಮಾಡ್ಯೂಲ್, ಇಲ್ಲವೇ ಸೀದು ಕಪ್ಪಾದ ತಿರುಳು ಹಿಡಿಯುವ ಬಣ್ಣದ ಮಾಡ್ಯೂಲ್. ಪಾರ್ಶಿಯಲ್ ಬಿಟ್‌ಸ್ಟ್ರೀಮ್ (ಆ ಭಾಗವನ್ನಷ್ಟೇ ಬದಲಿಸುವ ಫೈಲ್) ಸುಮಾರು 600 ಕೆಬಿ. ಎಸ್‌ಡಿ ಕಾರ್ಡ್‌ನಿಂದ ಓದಿ ಪಿಸಿಎಪಿ (ಪ್ರೊಸೆಸರ್ ಕಡೆಯಿಂದ ಎಫ್‌ಪಿಜಿಎ ತುಂಬಿಸುವ ದಾರಿ) ಮೂಲಕ ಹಾಕುವುದು. ಲೋಡ್‌ಗೆ ಮುಂಚೆ ಒಂದು ಜಿಪಿಐಒ (ಸಾಫ್ಟ್‌ವೇರಿನಿಂದ ಏರಿಸಿ ಇಳಿಸುವ ಸಿಗ್ನಲ್) ಬಿಟ್ಟಿನಿಂದ ಡಿಕಪಲ್ (ಬದಲಾಗುವ ಭಾಗದ ಸಂಪರ್ಕ ಕಡಿಯುವುದು), ಮುಗಿದ ಮೇಲೆ ಅದನ್ನೇ ತೆಗೆಯುವುದು.

ಹೆಚ್ಚಿನ ಸಲ ಸರಿಯಾಗಿ ಬದಲಾಗುತ್ತದೆ. ಕೆಲವೊಮ್ಮೆ ಪ್ರೊಸೆಸರ್ ಪೂರ್ತಿ ನಿಂತು ಸೀರಿಯಲ್ ಕನ್ಸೋಲ್ ಕೂಡ ಉತ್ತರಿಸುವುದಿಲ್ಲ. ಕೆಲವೊಮ್ಮೆ ವಾಲ್ವ್ ಒಂದು ಕ್ಷಣ ತೆರೆದು ಮುಚ್ಚುತ್ತದೆ. ಈ ಬದಲಾವಣೆ ನಡೆಸುವ ಕಂಟ್ರೋಲರಿನ ಸ್ಟೇಟ್ ಮಷೀನ್ (ಹಂತಗಳ ಸರಣಿ) ಯಾವ ಕ್ರಮದಲ್ಲಿ ಇರಬೇಕು?

ಸುರತ್ಕಲ್_ಆರ್‌ಟಿಎಲ್:
ಬಿಟ್‌ಸ್ಟ್ರೀಮ್ ತುಂಬಿಸುವುದು ಇಲ್ಲಿ ಸುಲಭದ ಕೆಲಸ. ಕಂಟ್ರೋಲರಿನ ನಿಜವಾದ ಕೆಲಸ, ಹಳೆಯ ಮಾಡ್ಯೂಲ್ ಬಸ್ಸಿನ (ಚಿಪ್ಪಿನೊಳಗೆ ಭಾಗಗಳನ್ನು ಜೋಡಿಸುವ ದಾರಿ) ಮೇಲೆ ಸಾಲ, ಅಂದರೆ ಉತ್ತರಿಸದ ವಿನಂತಿ, ಉಳಿಸದೆ ಹೊರಡುವಂತೆ ನೋಡಿಕೊಳ್ಳುವುದು.

ಪ್ರೊಸೆಸರ್ ನಿಲ್ಲುವುದಕ್ಕೆ ಕಾರಣ ಹೆಚ್ಚುಕಡಿಮೆ ಖಚಿತ. ಸಿಪಿಯು ಮಾಡ್ಯೂಲಿನ ರಿಜಿಸ್ಟರ್ ಓದಲು ಎಎಕ್ಸ್‌ಐ-ಲೈಟ್ ಎಂಬ ಬಸ್ಸಿನಲ್ಲಿ ವಿನಂತಿ ಕಳಿಸಿದೆ, ಉತ್ತರ ಬರುವ ಮೊದಲೇ ನೀವು ಡಿಕಪಲ್ ಎಳೆದಿದ್ದೀರಿ. ವ್ಯಾಲಿಡ್, ರೆಡಿ ಎಂಬ ಒಪ್ಪಿಗೆಯ ಸಿಗ್ನಲ್‌ಗಳೆಲ್ಲ ಸೊನ್ನೆಗೆ ಕಟ್ಟಿಹೋದರೆ ಆ ವಿನಂತಿಗೆ ಉತ್ತರವೇ ಬರುವುದಿಲ್ಲ. ಎಎಕ್ಸ್‌ಐಯಲ್ಲಿ ತಾನಾಗಿ ಟೈಮ್‌ಔಟ್ ಎಂಬುದು ಇಲ್ಲ, ಕೋರ್ ಕಾಯುತ್ತಲೇ ಇರುತ್ತದೆ. ಹಾಗಾಗಿ ಎಎಕ್ಸ್‌ಐ ದಾರಿಗಳಿಗೆ ಸಾದಾ ಡಿಕಪ್ಲರ್ ಸಾಲದು. ಡಿಎಫ್‌ಎಕ್ಸ್ (ಚಾಲನೆಯಲ್ಲೇ ಭಾಗ ಬದಲಿಸುವ ವಿಧಾನ) ಎಎಕ್ಸ್‌ಐ ಶಟ್‌ಡೌನ್ ಮ್ಯಾನೇಜರ್ ಎಂಬ ಸಿದ್ಧ ಬ್ಲಾಕ್ ಹಾಕಿ. ಅದು ಬಾಕಿ ವಹಿವಾಟು ಮುಗಿಯುವ ತನಕ ಕಾಯುತ್ತದೆ, ಆಮೇಲೆ ಬಂದ ವಿನಂತಿಗಳಿಗೆ ತಾನೇ ಉತ್ತರ ಕೊಡುತ್ತದೆ.

ಕ್ರಮ ಹೀಗಿರಲಿ. ಮೊದಲು ವಾಲ್ವ್ ಎನೇಬಲ್ ತೆಗೆಯಿರಿ. ವಿಡಿಯೋ ಡಿಎಂಎಯನ್ನು ಫ್ರೇಮ್ ಗಡಿಯಲ್ಲೇ ನಿಲ್ಲಿಸಿ, ನಡುವೆ ಕಡಿದರೆ ಮುಂದಿನ ಮಾಡ್ಯೂಲಿಗೆ ಅರ್ಧ ಫ್ರೇಮ್ ಸಿಕ್ಕಿ ಸಾಲುಗಳ ಲೆಕ್ಕ ತಪ್ಪುತ್ತದೆ. ಮಾಡ್ಯೂಲ್ ಖಾಲಿ ಆಗಲು ಎರಡು ಫ್ರೇಮ್ ಅವಧಿ ಕೊಡಿ. ಅಷ್ಟರಲ್ಲಿ ಖಾಲಿ ಆಗದಿದ್ದರೆ ಬದಲಾವಣೆಯನ್ನೇ ಕೈಬಿಟ್ಟು ಹಳೆಯದರಲ್ಲೇ ಮುಂದುವರಿದು ಎರರ್ ಎತ್ತಿ, ಬಲವಂತ ಮಾಡಬೇಡಿ. ಖಾಲಿ ಆದರೆ ಶಟ್‌ಡೌನ್, ಡಿಕಪಲ್, ಲೋಡ್. ಡಿಕಪಲ್ ಇರುವಾಗಲೇ ಹೊಸ ಮಾಡ್ಯೂಲಿಗೆ ರೀಸೆಟ್ ಕೊಟ್ಟು ಕನಿಷ್ಠ 16 ಕ್ಲಾಕ್ ಹಿಡಿಯಿರಿ.

ವಾಲ್ವ್ ತೆರೆಯುತ್ತಿರುವುದು ಬಿಡಿಸುವ ಕ್ರಮದಿಂದ. ಒಂದೇ ಬಿಟ್ಟಿನಲ್ಲಿ ಎಲ್ಲವನ್ನೂ ಬಿಟ್ಟರೆ, ರೀಸೆಟ್ ಆಗದ ಮಾಡ್ಯೂಲಿನ ಅಸಂಬದ್ಧ ಔಟ್‌ಪುಟ್ ನೇರ ಡ್ರೈವರಿಗೆ ಹೋಗುತ್ತದೆ. ಡಿಕಪಲನ್ನು ಮೂರು ಗುಂಪು ಮಾಡಿ: ಮೊದಲು ರಿಜಿಸ್ಟರ್ ಬಸ್, ಮಾಡ್ಯೂಲಿನ ಐಡಿ ಓದಿ ಸರಿ ಇದ್ದರೆ ವಿಡಿಯೋ ಸ್ಟ್ರೀಮ್, ಒಂದು ಪೂರ್ತಿ ಫ್ರೇಮ್ ದಾಟಿದ ಮೇಲೆ ಕೊನೆಗೆ ವಾಲ್ವ್. ಈ ಬಿಟ್ಟುಗಳ ರೀಸೆಟ್ ಮೌಲ್ಯ "ಡಿಕಪಲ್ಡ್" ಎಂದೇ ಇರಲಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಅದೇ ಕಾಪಾಡುತ್ತದೆ.

ಮಣಿಪಾಲ_ಲಾಜಿಕ್:
ಮೇಲಿನದಕ್ಕೆ ಸೇರಿಸುವುದು ಉಂಟು.

ಸಮಯ: ಪಿಸಿಎಪಿ ಸೈದ್ಧಾಂತಿಕವಾಗಿ ಸೆಕೆಂಡಿಗೆ 400 ಎಂಬಿ, ವ್ಯವಹಾರದಲ್ಲಿ 145ರ ಆಸುಪಾಸು. 600 ಕೆಬಿಗೆ 4 ಮಿಲಿಸೆಕೆಂಡ್ ಸಾಕು. ಎಸ್‌ಡಿ ಕಾರ್ಡ್ ಅದಕ್ಕಿಂತ ಹಲವು ಪಟ್ಟು ನಿಧಾನ. ಬೂಟ್ ಆಗುವಾಗಲೇ ಎರಡೂ ಫೈಲುಗಳನ್ನು ಡಿಡಿಆರ್ ಮೆಮರಿಗೆ ತಂದಿಡಿ. ಕ್ಯಾಶ್ ಫ್ಲಶ್ ಮಾಡದೆ (ಪ್ರೊಸೆಸರಿನ ತಾತ್ಕಾಲಿಕ ಪ್ರತಿಯನ್ನು ಮೆಮರಿಗೆ ಬರೆಯದೆ) ಡಿಎಂಎ ಶುರು ಮಾಡಿದರೆ ಮೆಮರಿಯಲ್ಲಿರುವ ಹಳೆಯ ಡೇಟಾ ಹೋಗಬಹುದು, "ಕೆಲವೊಮ್ಮೆ" ಎನ್ನುವ ದೋಷಗಳಿಗೆ ಇದೂ ಒಂದು ಮೂಲ. ಡಿಎಂಎ ಮುಗಿದ ಬಿಟ್ ಒಂದನ್ನೇ ನಂಬಬೇಡಿ. ಡಿಎಂಎ ಮತ್ತು ಪಿಸಿಎಪಿ ಎರಡೂ ಮುಗಿದದ್ದನ್ನು ತೋರಿಸುವ ಬೇರೆ ಬಿಟ್ ಉಂಟು, ಅದಕ್ಕೆ ಕಾಯಿರಿ. ಮುಂದೆ ಐಸಿಎಪಿಗೆ (ಎಫ್‌ಪಿಜಿಎ ಒಳಗಿನಿಂದಲೇ ತುಂಬಿಸುವ ದಾರಿ) ಹೋಗುವುದಾದರೆ ಡೆವ್‌ಸಿಎಫ್‌ಜಿ (ಕಾನ್ಫಿಗರ್ ಮಾಡುವುದನ್ನು ನಿಯಂತ್ರಿಸುವ ಘಟಕ) ಕಂಟ್ರೋಲ್ ರಿಜಿಸ್ಟರಿನ 27ನೇ ಬಿಟ್ ಸೊನ್ನೆ ಮಾಡಬೇಕು, ಇಲ್ಲವಾದರೆ ಐಸಿಎಪಿ ಸುಮ್ಮನೆ ಕೂರುತ್ತದೆ.

ನಾನು ಹೆಚ್ಚು ಒತ್ತಿ ಹೇಳುವುದು ಆವೃತ್ತಿಯ ಹೊಂದಾಣಿಕೆ. ಸ್ಥಿರ ಭಾಗದ ವೈರಿಂಗ್ ಬದಲಾಗುವ ಜಾಗದ ಒಳಗಿಂದಲೂ ಹಾದುಹೋಗುತ್ತದೆ. ಪಾರ್ಶಿಯಲ್ ಫೈಲಿನಲ್ಲಿ ಆ ತಂತಿಗಳೂ ಸೇರಿವೆ. ಸ್ಥಿರ ಭಾಗವನ್ನು ಮತ್ತೆ ರೂಟ್ ಮಾಡಿ ಹಳೆಯ ಪಾರ್ಶಿಯಲ್ ಹಾಕಿದರೆ ಬೇರೆಯವರ ತಂತಿ ಕಡಿದ ಹಾಗೆ. ಸಿಆರ್‌ಸಿ (ಡೇಟಾ ಕೆಟ್ಟಿದೆಯೇ ಎಂದು ನೋಡುವ ಸಂಖ್ಯೆ) ಸರಿಯಾಗಿಯೇ ಇರುತ್ತದೆ, ಬೋರ್ಡ್ ಮಾತ್ರ ಸಾಯುತ್ತದೆ. ಪ್ರತಿ ಬಿಲ್ಡ್‌ಗೆ ಪಿಆರ್-ವೆರಿಫೈ (ಸ್ಥಿರ ಭಾಗ ಎಲ್ಲದರಲ್ಲೂ ಒಂದೇ ಇದೆಯೇ ಎಂದು ನೋಡುವ ಕಮಾಂಡ್) ಓಡಿಸಿ. ಸ್ಥಿರ ಭಾಗದಲ್ಲಿ 32 ಬಿಟ್ ಬಿಲ್ಡ್ ಸಂಖ್ಯೆ ಇಡಿ, ಅದೇ ಸಂಖ್ಯೆಯನ್ನು ಫೈಲಿನ ಹೆಡರಿನಲ್ಲೂ ಹಾಕಿ. ಎರಡೂ ಹೊಂದದಿದ್ದರೆ ಲೋಡ್ ನಿರಾಕರಿಸಬೇಕು.

ಸಿಆರ್‌ಸಿ ಸಾಮಾನ್ಯವಾಗಿ ಕೊನೆಯಲ್ಲಿ ಪರೀಕ್ಷೆ ಆಗುವುದು, ಅಂದರೆ ತಪ್ಪು ಗೊತ್ತಾಗುವ ಹೊತ್ತಿಗೆ ಕೆಟ್ಟ ಡೇಟಾ ಒಳಗೆ ಕೂತಾಗಿದೆ. ಬಿಟ್‌ಸ್ಟ್ರೀಮಿನ ಪ್ರತಿ ಫ್ರೇಮಿಗೆ (ಇದು ವಿಡಿಯೋ ಫ್ರೇಮ್ ಅಲ್ಲ, ಫೈಲಿನ ಒಂದು ತುಂಡು) ಸಿಆರ್‌ಸಿ ಹಾಕುವ ಆಯ್ಕೆ ವಿವಾಡೋ ವಿನ್ಯಾಸ ಸಾಫ್ಟ್‌ವೇರಿನಲ್ಲಿ ಉಂಟು. ಫೈಲ್ ಸ್ವಲ್ಪ ದೊಡ್ಡದಾದರೂ ಈ ಯಂತ್ರಕ್ಕೆ ಅದು ಬೇಕು.

ಬೈಕಂಪಾಡಿ_ಬೋರ್ಡ್:
ಐಡಿ ತಪ್ಪು ಬಂದರೆ ಮುಂದೇನು? ಹಳೆಯದನ್ನೇ ಮತ್ತೆ ಹಾಕುವುದೋ?

ಸುರತ್ಕಲ್_ಆರ್‌ಟಿಎಲ್:
ಅದೇ ಫೈಲನ್ನು ಒಮ್ಮೆ ಮತ್ತೆ ಹಾಕಿ. ಆಗಲೂ ತಪ್ಪಿದರೆ ಗ್ರೇಬಾಕ್ಸ್ (ಏನೂ ಮಾಡದ ಖಾಲಿ ಮಾಡ್ಯೂಲ್) ಬಿಟ್‌ಸ್ಟ್ರೀಮ್ ತುಂಬಿಸಿ, ಡಿಕಪಲ್ ಬಿಡದೆ, ವಾಲ್ವ್ ಮುಚ್ಚಿಟ್ಟು, ಕನ್ವೇಯರ್ ನಿಲ್ಲಿಸುವ ಸಿಗ್ನಲ್ ಕೊಡಿ. ಇಲ್ಲಿ ಹಳೆಯ ಮಾಡ್ಯೂಲಿಗೆ ತಾನಾಗಿ ಮರಳುವುದು ಅಪಾಯ: ಆಪರೇಟರ್ ಬಣ್ಣ ನೋಡುತ್ತಿದೆ ಅಂದುಕೊಂಡಿರುತ್ತಾನೆ, ಯಂತ್ರ ಗಾತ್ರ ಅಳೆಯುತ್ತಿರುತ್ತದೆ, ಸೀದದ್ದೆಲ್ಲ ಡಬ್ಬಕ್ಕೆ.

ಕಾಪು_ಎಂಬೆಡೆಡ್:
ಒಂದು ಮೂಲ ಪ್ರಶ್ನೆ: ಬದಲಾಯಿಸುವುದು ಬೇಕೇ ಬೇಕಾ? 7020ರಲ್ಲಿ 53,200 ಲಟ್ (ಲಾಜಿಕ್ ಕಟ್ಟುವ ಸಣ್ಣ ಘಟಕ), 220 ಡಿಎಸ್‌ಪಿ (ಗುಣಾಕಾರದ ಘಟಕ), 36 ಕೆಬಿಟ್ಟಿನ 140 ಬ್ಲಾಕ್ ರ್‍ಯಾಮ್ ಇವೆ. ಎರಡೂ ಮಾಡ್ಯೂಲ್ ಸೇರಿ ಲಟ್ ಬಳಕೆ ಶೇ. 70ರೊಳಗೆ ನಿಂತು ಟೈಮಿಂಗ್ ಗುರಿ ಮುಟ್ಟಿದರೆ, ಎರಡನ್ನೂ ಒಳಗಿಟ್ಟು ನಡುವೆ ಮಕ್ಸ್ (ಎರಡರಲ್ಲಿ ಒಂದನ್ನು ಆರಿಸುವ ಸ್ವಿಚ್) ಹಾಕಿ. ಬಳಸದ ಕಡೆಗೆ ಕ್ಲಾಕ್ ಎನೇಬಲ್ ತೆಗೆದರಾಯಿತು. ಮೂರನೆಯ, ನಾಲ್ಕನೆಯ ಮಾಡ್ಯೂಲ್ ಬರುವುದು ಖಚಿತವಿದ್ದರೆ ಮಾತ್ರ ಈಗಿನ ದಾರಿ.

ಈಗಿನ ದಾರಿಯೇ ಆದರೆ ಪಿಬ್ಲಾಕನ್ನು (ಬದಲಾಗುವ ಭಾಗಕ್ಕೆ ಚಿಪ್ಪಿನಲ್ಲಿ ಮೀಸಲಿಟ್ಟ ಜಾಗ) ಕ್ಲಾಕ್ ರೀಜನ್ ಎತ್ತರಕ್ಕೆ ಸರಿಯಾಗಿ ಜೋಡಿಸಿ, 7 ಸೀರೀಸ್‌ನಲ್ಲಿ ಅದು 50 ಸಿಎಲ್‌ಬಿ (ಲಾಜಿಕ್ ಬ್ಲಾಕ್). ಹಾಗಿಲ್ಲದೆ ರೀಸೆಟ್ ಆಫ್ಟರ್ ರೀಕಾನ್ಫಿಗ್ (ಬದಲಾದ ಮೇಲೆ ತಾನಾಗಿ ಆಗುವ ರೀಸೆಟ್) ಕೆಲಸ ಮಾಡುವುದಿಲ್ಲ, ಫ್ಲಿಪ್‌ಫ್ಲಾಪ್‌ಗಳ ಆರಂಭಿಕ ಮೌಲ್ಯವನ್ನು ನಂಬಲಾಗುವುದಿಲ್ಲ. ಎಂಎಂಸಿಎಂ, ಬಫ್‌ಜಿ ಎಂಬ ಕ್ಲಾಕಿನ ಘಟಕಗಳೆರಡೂ ಸ್ಥಿರ ಭಾಗದಲ್ಲೇ ಇರಬೇಕು.

ವಾಲ್ವ್ ಬಗ್ಗೆ ಇನ್ನೊಂದು. ಪವರ್ ಬಂದು ಪೂರ್ತಿ ಕಾನ್ಫಿಗರ್ ಆಗುವ ತನಕ ಪಿನ್ನುಗಳ ಒಳಗಿನ ಪುಲ್‌ಅಪ್ (ಪಿನ್ನನ್ನು ಮೇಲಿನ ಮಟ್ಟಕ್ಕೆ ಎಳೆಯುವ ರೆಸಿಸ್ಟರ್) ಆನ್ ಇರಬಹುದು, ಅದನ್ನು ನಿರ್ಧರಿಸುವ ಪಿಯುಡಿಸಿ ಪಿನ್ ಹೇಗೆ ಕಟ್ಟಿದ್ದೀರಿ ಎಂಬುದರ ಮೇಲೆ. ವಾಲ್ವ್ ಓಡಿಸುವ ಮಾಸ್‌ಫೆಟ್ (ಟ್ರಾನ್ಸಿಸ್ಟರ್ ಸ್ವಿಚ್) ಗೇಟಿಗೆ ಹೊರಗಿನಿಂದ 1 ಕಿಲೋ ಓಮ್ ಪುಲ್‌ಡೌನ್ ಹಾಕಿ. 10 ಕಿಲೋ ಸಾಲುವುದಿಲ್ಲ: ಒಳಗಿನ ಪುಲ್‌ಅಪ್ ನೂರಾರು ಮೈಕ್ರೋಆಂಪ್ ಕೊಡಬಲ್ಲದು, ಲಾಜಿಕ್ ಲೆವೆಲ್ ಗೇಟ್ ಅರ್ಧ ತೆರೆಯಲು ಅಷ್ಟು ಸಾಕು.