ದುಂಬಿ ಬಿಟ್ಟ ಮೇಲೆ ಹಿಟ್ಟು ತಿಗಣೆ ಹೆಚ್ಚಾಗಿದೆ: ಉಳಿದರ್ಧ ತೋಟಕ್ಕೂ ಔಷಧಿ ಹೊಡೆಯಲೇ?

ಚಪ್ಪರದ ನೆರಳು:
ದೇವನಹಳ್ಳಿ ಹತ್ತಿರ ಅರ್ಧ ಎಕರೆಯಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಇದೆ. ಗುಲಾಬಿ ಹಿಟ್ಟು ತಿಗಣೆ ಕಂಡ 80 ಬಳ್ಳಿಗಳಿಗೆ ತಲಾ 10ರಂತೆ, ತಿಗಣೆಯನ್ನು ತಿನ್ನುವ ಕ್ರಿಪ್ಟೊಲೀಮಸ್ ದುಂಬಿ ತಂದು ಬಿಟ್ಟೆ. ಮೊದಲ ವಾರ ಕಪ್ಪು ಬೆನ್ನಿನ, ಕಿತ್ತಳೆ ತಲೆಯ ದುಂಬಿಗಳು ಓಡಾಡುತ್ತಿದ್ದವು. ಬರಬರುತ್ತಾ ಅವು ಕಡಿಮೆಯಾದವು. 20ನೇ ದಿನ ನೋಡಿದರೆ ಗೊನೆಗಳ ಮೇಲೆ ಹಿಂದೆಂದೂ ಕಾಣದಷ್ಟು ದೊಡ್ಡ ಬಿಳಿ ತಿಗಣೆಗಳು! ಅಂಗಡಿಯವರು ಪ್ರೊಫೆನೋಫಾಸ್–ಸೈಪರ್‌ಮೆಥ್ರಿನ್ ಮಿಶ್ರಣ ಕೊಟ್ಟರು. ಅರ್ಧ ತೋಟಕ್ಕೆ ಹೊಡೆಯುವಷ್ಟರಲ್ಲಿ ಮಳೆ ಬಂತು. ಉಳಿದದ್ದಕ್ಕೆ ನಾಳೆ ಹೊಡೆಯಬೇಕೆಂದಿದ್ದೇನೆ. ದುಂಬಿಗೆ ಹಾಕಿದ ದುಡ್ಡು ನೀರಿನಲ್ಲಿ ಮಾಡಿದ ಹೋಮವಾಯಿತೇ?

ಭೂತಗನ್ನಡಿ:
ದಯವಿಟ್ಟು ನಾಳೆ ಪಂಪು ಮುಟ್ಟಬೇಡಿ. ನೀವು ಕಂಡ ಆ "ದೊಡ್ಡ ತಿಗಣೆ" ಬಹುಶಃ ನೀವೇ ಬಿಟ್ಟ ದುಂಬಿಯ ಮರಿ.

ಈ ದುಂಬಿ ತಿಗಣೆಯ ಮೊಟ್ಟೆಚೀಲದ ಹತ್ತಿರವೇ ಮೊಟ್ಟೆ ಇಡುತ್ತದೆ. ಐದಾರು ದಿನಕ್ಕೆ ಮರಿ ಹೊರಬರುತ್ತದೆ. ಅದರ ಮೈಮೇಲೂ ಬಿಳಿ ಮೇಣದ ಎಳೆಗಳು ಬೆಳೆಯುವುದರಿಂದ ದೂರದಿಂದ ತಿಗಣೆಯಂತೆಯೇ ಕಾಣುತ್ತದೆ. 20ನೇ ದಿನಕ್ಕೆ ಅವು ಚೆನ್ನಾಗಿ ಬೆಳೆದು, ಹೊಟ್ಟೆ ತುಂಬ ತಿನ್ನುವ ಹಂತದಲ್ಲಿರುತ್ತವೆ. ನೀವು ವಿಷ ಹೊಡೆದದ್ದು ಸರಿಯಾಗಿ ಆ ಹೊತ್ತಿಗೆ.

ಗುರುತಿಸುವುದು ಕಷ್ಟವಲ್ಲ. ಈ ತಿಗಣೆ ಸುಮಾರು 3 ಮಿ.ಮೀ. ಮಾತ್ರ ಬೆಳೆಯುತ್ತದೆ, ಮರಿಹುಳು 13 ಮಿ.ಮೀ.ವರೆಗೂ ಆಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಬೆಳೆದ ತಿಗಣೆ ಕೂತಲ್ಲೇ ಇರುತ್ತದೆ, ಮರಿಹುಳು ಸರಸರನೆ ನಡೆಯುತ್ತದೆ.

ಎರಡು ಪ್ರಶ್ನೆಗಳಿವೆ. ದುಂಬಿ ಬಿಡುವ ಮೊದಲು ಏನಾದರೂ ಹೊಡೆದಿದ್ದಿರಾ? ಕಾಂಡದ ಮೇಲೆ ಇರುವೆ ಸಾಲು ಇದೆಯೇ?

ಸೀಬೆತೋಪು:
ಬುಪ್ರೊಫೆಜಿನ್ ಎಂಬ ಕೀಟನಾಶಕ ಮಿತ್ರಕೀಟಗಳಿಗೆ ಸುರಕ್ಷಿತ ಎಂದು ಕೇಳಿದ್ದೇನೆ. ಉಳಿದರ್ಧಕ್ಕೆ ಅದನ್ನಾದರೂ ಹೊಡೆಯಬಹುದಲ್ಲ?

ಭೂತಗನ್ನಡಿ:
ಪರತಂತ್ರ ಜೀವಿ ಕಣಜಗಳ (ತಿಗಣೆಯ ಮೈಯೊಳಗೆ ಮೊಟ್ಟೆ ಇಡುವಂಥವು) ಮಟ್ಟಿಗೆ ಆ ಮಾತು ಬಹುಮಟ್ಟಿಗೆ ನಿಜ. ಗುಲಗಂಜಿ ಹುಳುಗಳ ಜಾತಿಗೆ ಅಲ್ಲ, ಕ್ರಿಪ್ಟೊಲೀಮಸ್ ಅದೇ ಜಾತಿಯದು. ಬುಪ್ರೊಫೆಜಿನ್ ಕೀಟದ ಹೊಸ ಪೊರೆ ಕಟ್ಟುವುದನ್ನು ತಡೆಯುತ್ತದೆ. ಬೆಳೆದ ದುಂಬಿ ಸಾಯದೆ ಓಡಾಡಿಕೊಂಡಿರುತ್ತದೆ, ನಮಗೆ ಸಮಾಧಾನವಾಗುತ್ತದೆ. ಮರಿ ಮಾತ್ರ ಪೊರೆ ಬಿಡಲಾಗದೆ ಸಾಯುತ್ತದೆ. "ಸುರಕ್ಷಿತ" ಎಂದು ಯಾರಾದರೂ ಹೇಳಿದರೆ ಯಾವ ಕೀಟಕ್ಕೆ, ಅದರ ಯಾವ ಹಂತಕ್ಕೆ ಎಂದು ಕೇಳಲೇಬೇಕು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಅಂದ ಹಾಗೆ, ಪ್ರೊಫೆನೋಫಾಸ್–ಸೈಪರ್‌ಮೆಥ್ರಿನ್ ಮಿಶ್ರಣ ನಮ್ಮಲ್ಲಿ ಹತ್ತಿಗೆಂದು ನೋಂದಣಿಯಾದದ್ದು. ತಿನ್ನುವ ಹಣ್ಣಿಗೆ ಅದನ್ನು ಕೊಟ್ಟದ್ದೇ ತಪ್ಪು.

ಚಪ್ಪರದ ನೆರಳು:
ಅಕ್ಕ, ಬೆಳಿಗ್ಗೆ ಮಸೂರ ಹಿಡಿದು ನೋಡಿದೆ. ಹೊಡೆಯದ ಕಡೆ ಒಂದು ಬಿಳಿ ಹುಳು ಮೊಟ್ಟೆಚೀಲದೊಳಗೆ ತಲೆ ಹುದುಗಿಸಿ ತಿನ್ನುತ್ತಿತ್ತು. ಕಡ್ಡಿ ತಾಗಿಸಿದೆ, ನಡೆದೇಬಿಟ್ಟಿತು. ಹೊಡೆದ ಕಡೆ ಅಂಥವೇ ಹುಳುಗಳು ಮೇಣದ ಸಮೇತ ಮುದುಡಿ ನೇತಾಡುತ್ತಿವೆ. ಕಾಂಡದ ಸಿಪ್ಪೆಯ ಸಂದಿನ ತಿಗಣೆಗಳು ಹಾಗೇ ಜೀವಂತವಾಗಿವೆ. ನೋಡಿ ಹೊಟ್ಟೆ ಉರಿಯಿತು.

ಇರುವೆ ಧಾರಾಳವಾಗಿವೆ. ದುಂಬಿ ಬಿಡುವ ಹತ್ತು ದಿನ ಮೊದಲು ಹನಿ ನೀರಾವರಿಯಲ್ಲಿ ಥಯಾಮೆಥಾಕ್ಸಾಮ್ ಕೀಟನಾಶಕ ಕೊಟ್ಟಿದ್ದೆ. ಬೇರಿಗೆ ಕೊಟ್ಟದ್ದು ಎಲೆ ಮೇಲಿನ ದುಂಬಿಗೆ ತಾಗುವುದಿಲ್ಲ ಅಲ್ಲವೇ?

ಭೂತಗನ್ನಡಿ:
ತಾಗುತ್ತದೆ. ಬೇರಿನಿಂದ ರಸಕ್ಕೆ, ರಸದಿಂದ ತಿಗಣೆಗೆ, ತಿಗಣೆ ಸುರಿಸುವ ಸಿಹಿ ಅಂಟಿಗೆ ಏರುತ್ತದೆ. ಸ್ಪೇನಿನ ಸಂಶೋಧಕರು ಕಿತ್ತಳೆ ಜಾತಿಯ ಗಿಡಗಳಲ್ಲಿ ಇದನ್ನೇ ನೋಡಿ 2019ರಲ್ಲಿ ಪ್ರಕಟಿಸಿದ್ದಾರೆ. ಥಯಾಮೆಥಾಕ್ಸಾಮ್ ಕೊಟ್ಟ ಗಿಡದ ತಿಗಣೆಯ ಅಂಟು ಕುಡಿದು ಪರತಂತ್ರ ಕಣಜವೂ ಹೂನೊಣವೂ ಸತ್ತವು. ನಿಮ್ಮ ದುಂಬಿಯಂತೂ ತಿಗಣೆಯನ್ನೇ ತಿನ್ನುತ್ತದೆ. ಮೊದಲ ವಾರದ ನಂತರ ಅವು ಕಡಿಮೆಯಾದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಈಗ ಹೊಡೆಯದ ಅರ್ಧವನ್ನು ಉಳಿಸಿಕೊಳ್ಳಿ. ಇರುವೆಗಳು ಅಂಟಿನ ಆಸೆಗೆ ತಿಗಣೆಯನ್ನು ಕಾಯುತ್ತವೆ, ದುಂಬಿಯನ್ನು ಓಡಿಸುತ್ತವೆ. ಕಾಂಡಕ್ಕೂ ಚಪ್ಪರದ ಕಂಬಗಳಿಗೂ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಬಳಿಯಿರಿ. ಕಂಬ ಬಿಟ್ಟರೆ ತಂತಿ ಹಿಡಿದು ಬರುತ್ತವೆ.

ಹೊಡೆದ ಅರ್ಧಕ್ಕೆ ಕ್ಯಾಲೆಂಡರ್ ನೋಡಿ ದುಂಬಿ ಬಿಡಬೇಡಿ. ಅಲ್ಲಿನ ತಿಗಣೆ ಸಮೇತ ಎಲೆಗಳನ್ನು ಒಂದು ಡಬ್ಬಿಗೆ ಹಾಕಿ, ಐದು ದುಂಬಿ ಬಿಟ್ಟು, ತೆಳು ಬಟ್ಟೆ ಕಟ್ಟಿ. ಹೋಲಿಸಿ ನೋಡಲು ಇನ್ನೊಂದು ಡಬ್ಬಿಗೆ ಔಷಧಿ ತಾಗದ ಬೇರೆ ತೋಟದ ತಿಗಣೆ ಸಮೇತ ಎಲೆ, ಐದು ದುಂಬಿ. ಎರಡು ದಿನ ನೆರಳಿನಲ್ಲಿಟ್ಟು ನೋಡಿ. ಮೊದಲ ಡಬ್ಬಿಯಲ್ಲೂ ದುಂಬಿ ಬದುಕಿದರೆ ಮಾತ್ರ ತೋಟಕ್ಕೆ ಬಿಡಿ, ಸತ್ತರೆ ಕಾದು ಮತ್ತೆ ಪರೀಕ್ಷಿಸಿ.

ಚಪ್ಪರದ ನೆರಳು (ಐದು ವಾರಗಳ ನಂತರ):
ಹೊಡೆಯದ ಕಡೆ ಮರಿಗಳು ಒಣ ಎಲೆಗಳ ಅಡಿ ಕೋಶವಾಗಿ, ಹೊಸ ದುಂಬಿಗಳು ಬಂದಿವೆ. ಗೊನೆಗಳಲ್ಲಿ ತಿಗಣೆ ಹುಡುಕಿ ನೋಡಬೇಕು, ಅಷ್ಟು ಕಡಿಮೆ. ಹೊಡೆದ ಕಡೆ ಎಂಟು ಬಳ್ಳಿಗಳ ಗೊನೆಗಳನ್ನು ಕಿತ್ತು ಸುಡಬೇಕಾಯಿತು. ಡಬ್ಬಿಯ ಪರೀಕ್ಷೆಯಲ್ಲಿ ಮೊದಲ ಸಲ ಐದೂ ಸತ್ತಿದ್ದವು, ಎರಡನೆಯ ಸಲ ಎರಡು ಸತ್ತವು. ನಿನ್ನೆಯ ಡಬ್ಬಿಯಲ್ಲಿ ಐದೂ ನಡೆದಾಡುತ್ತಿವೆ. ಶನಿವಾರ 400 ದುಂಬಿ ತರುತ್ತೇನೆ ಅಕ್ಕ, ಸಂಜೆ ಬಿಸಿಲು ಇಳಿದ ಮೇಲೆ ಬಿಡುತ್ತೇನೆ.