ಅಪ್‌ಡೇಟ್: ಗೋಲ್ಡ್‌ವಿಂಗ್ ಟ್ರೈಕ್‌, ಭುಜನೋವು ಹೋಯಿತು

ಮೂರು ಚಕ್ರಕ್ಕೆ ಬದಲಾಯಿಸಿದ ನಮ್ಮ ಹೋಂಡಾ ಗೋಲ್ಡ್‌ವಿಂಗ್ ಬೈಕ್‌ನಲ್ಲಿ (ಇದಕ್ಕೇ ಟ್ರೈಕ್ ಅನ್ನೋದು) ದೂರ ಹೋದರೆ ಭುಜ, ಸೊಂಟ ನೋಯುತ್ತವೆ, ಏನು ಮಾಡಲಿ ಅಂತ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ರೇಕ್ ಕಿಟ್ ಹಾಕಿಸಿದೆ. ಟ್ರೈಕ್ ಬೈಕಿನ ಹಾಗೆ ವಾಲುವುದಿಲ್ಲ, ತಿರುವಿನಲ್ಲಿ ಹ್ಯಾಂಡಲನ್ನೇ ಬಲ ಹಾಕಿ ತಿರುಗಿಸಬೇಕು ಅಲ್ವಾ? ಈ ಕಿಟ್ ಮುಂದಿನ ಚಕ್ರ ಹಿಡಿದಿರುವ ಫೋರ್ಕನ್ನು ಮುಂದಕ್ಕೆ ಚಾಚಿ ಟ್ರೇಲ್ (ಹ್ಯಾಂಡಲ್ ತಿರುಗುವ ಅಕ್ಷದ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರ್ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ) ಕಡಿಮೆ ಮಾಡುತ್ತದೆ. ಈಗ ಹ್ಯಾಂಡಲ್ ಎಷ್ಟು ಹಗುರ! ದುಡ್ಡು ಜಾಸ್ತಿಯೇ ಆಯಿತು. ಆದರೂ ಸೀಟು ಬದಲಾಯಿಸುವ ಮೊದಲು ಇದನ್ನೇ ಮಾಡಿಸಿ.

ಸೊಂಟಕ್ಕೆ ಬ್ಯಾಕ್‌ರೆಸ್ಟ್, ಕಾಲು ಚಾಚಲು ಹೈವೇ ಪೆಗ್ (ಮುಂದೆ ಹಾಕಿಸುವ ಕಾಲಿಡುವ ಪೆಗ್) ಸಾಕಾಯಿತು. ಅಮೆರಿಕದ ಅರಿಜೋನಾದಲ್ಲಿ ಫೀನಿಕ್ಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಸುಮಾರು 370 ಕಿ.ಮೀ. ಆರಾಮಾಗಿ ಹೋದೆವು. ದಾರಿಯಲ್ಲಿ ಸಿಗುವ ಫ್ಲ್ಯಾಗ್‌ಸ್ಟಾಫ್ 2,100 ಮೀಟರ್ ಎತ್ತರದಲ್ಲಿದೆ, ಚಳಿಗೆ ಹ್ಯಾಂಡಲ್‌ನಲ್ಲಿ ಬಿಸಿಯಾಗುವ ಗ್ರಿಪ್ ಬೇಕೇ ಬೇಕು.

ಹೆಲ್ಮೆಟ್‌ಗೆ ಗಾಳಿ ಬಡಿಯುವುದು ಮಾತ್ರ ನಿಂತಿಲ್ಲ. ಎತ್ತರದ ವಿಂಡ್‌ಶೀಲ್ಡ್ ಹಾಕಿಸಿದವರಿದ್ದರೆ ಹೇಳಿ.