ಅವ್ವನ ರಿಪೋರ್ಟ್‌ನಲ್ಲಿ ಐಎಲ್-6 ಜಾಸ್ತಿ ಬಂದಿದೆ, ಇದಕ್ಕೂ ರಕ್ತ ಕಡಿಮೆ ಇರೋದಕ್ಕೂ ಸಂಬಂಧ ಇದೆಯಾ?

ಬೆಟಗೇರಿ ಮಗಳು:
ನಮ್ಮವ್ವನಿಗೆ 58 ವರ್ಷ. ನಾಲ್ಕು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದರೆ ಒಂದು ತಾಸು ಬೆರಳು ಮಡಚಲು ಬರುವುದಿಲ್ಲ. ಮೊದಲು ಕಂಡಿಕೆ ಸುತ್ತುವುದು ಬಿಟ್ಟಳು, ಈಗ ರೊಟ್ಟಿ ಬಡಿಯುವುದನ್ನೂ ಬಿಟ್ಟಿದ್ದಾಳೆ. ಹಿಮೋಗ್ಲೋಬಿನ್ 9. ಮೂರು ತಿಂಗಳು ಕಬ್ಬಿಣದ ಗುಳಿಗೆ ಕೊಟ್ಟರೂ ಏರಲಿಲ್ಲ. ನುಂಗದೆ ಸುಮ್ನೆ ಎಸೆಯುತ್ತಾಳೆ ಅಂತ ನಾನು ಜಗಳವನ್ನೇ ಮಾಡಿದೆ. ಮೊನ್ನೆ ಹುಬ್ಬಳ್ಳಿಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟೆವು. ಸಿಆರ್‌ಪಿ, ಫೆರಿಟಿನ್, ಐಎಲ್-6 ಮೂರೂ ಜಾಸ್ತಿ. ಐಎಲ್-6 ತಡೆಯುವ ಇಂಜೆಕ್ಷನ್ ನೋಡೋಣ ಎಂದಿದ್ದಾರೆ ಡಾಕ್ಟರ್. ಏನ್ರೀ ಇದು?

ಧಾರವಾಡ ಲ್ಯಾಬ್:
ಅವ್ವಾರ ಮೇಲೆ ಸಿಟ್ಟಾಗಬೇಡ್ರಿ. ಅವರು ಗುಳಿಗೆ ನುಂಗಿದ್ದರೂ ಹೀಗೇ ಆಗಬಹುದು.

ಐಎಲ್-6 ಅಂದರೆ ಇಂಟರ್‌ಲ್ಯೂಕಿನ್-6. ನಮ್ಮ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಸಣ್ಣ ಪ್ರೋಟೀನ್. ಇದರ ಜೀನ್ ಗುರುತಿಸಿದ್ದು 1986ರಲ್ಲಿ, ಜಪಾನಿನ ಒಸಾಕಾದ ಹಿರಾನೊ, ಕಿಶಿಮೊಟೊ ಅವರ ತಂಡ. ಬಿ ಕೋಶ ಎಂಬ ಬಿಳಿ ರಕ್ತಕಣಗಳಿಂದ ಪ್ರತಿಕಾಯ ಮಾಡಿಸುವ ವಸ್ತು ಯಾವುದು ಅಂತ ಹುಡುಕುತ್ತಿದ್ದರು. ಆಮೇಲೆ ನೋಡಿದರೆ ಜ್ವರ ಬರಿಸುವುದರಲ್ಲೂ ಇದರ ಕೈ ಇದೆ. ಉರಿಯೂತ ಇದ್ದಾಗ ಏರುವ ಸಿಆರ್‌ಪಿ ಎಂಬ ಪ್ರೋಟೀನ್ ಮಾಡು ಅಂತ ಲಿವರ್‌ಗೆ ಹೇಳುವುದೂ ಮುಖ್ಯವಾಗಿ ಇದೇ.

ನಿಮ್ಮ ಪ್ರಶ್ನೆಯ ಉತ್ತರ ಲಿವರ್‌ನಲ್ಲೇ ಇದೆ. ಐಎಲ್-6 ಏರಿದಾಗ ಲಿವರ್ ಹೆಪ್ಸಿಡಿನ್ ಎಂಬ ಇನ್ನೊಂದನ್ನು ಬಿಡುತ್ತದೆ. ಅದು ಕರುಳಿನಿಂದ ಕಬ್ಬಿಣ ರಕ್ತಕ್ಕೆ ಬರುವ ಬಾಗಿಲಿಗೂ ಕೀಲಿ ಹಾಕುತ್ತದೆ, ಕೂಡಿಟ್ಟ ಕಬ್ಬಿಣ ಹೊರಬರುವ ಬಾಗಿಲಿಗೂ ಹಾಕುತ್ತದೆ. ಹಗೇವಿನ ತುಂಬ ಜೋಳ ಇದೆ, ಬಾಯಿ ಮುಚ್ಚಿದೆ, ಮನೆಯಲ್ಲಿ ಹಿಟ್ಟಿಲ್ಲ. ಹಾಗೆ. ರೋಗಾಣುಗಳಿಗೂ ಕಬ್ಬಿಣ ಬೇಕು, ಅವಕ್ಕೆ ಸಿಗದಿರಲಿ ಅಂತ ದೇಹ ಮಾಡುವ ಉಪಾಯ ಇದು. ಸಂಧಿವಾತದಲ್ಲಿ ರೋಗಾಣು ಇಲ್ಲದಿದ್ದರೂ ಕೀಲಿ ಬೀಳುತ್ತದೆ.

ಒಂದು ಮಾತು. ಫೆರಿಟಿನ್ ಅಂದರೆ ಕಬ್ಬಿಣ ಕೂಡಿಡುವ ಪ್ರೋಟೀನ್. ಉರಿಯೂತ ಇದ್ದಾಗ ಅದು ತಾನಾಗಿಯೇ ಏರುತ್ತದೆ. ಅದೊಂದನ್ನೇ ನೋಡಿ ಕಬ್ಬಿಣ ಸಾಕಷ್ಟಿದೆ ಅನ್ನಲು ಬರುವುದಿಲ್ಲ. ರಕ್ತದಲ್ಲಿ ಓಡಾಡುವ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳ್ರಿ.

ಹಾವೇರಿ ಅಕ್ಕ:
ತಂಗೀ, ನಾನು ಎರಡು ವರ್ಷದಿಂದ ಐಎಲ್-6 ತಡೆಯುವ ಇಂಜೆಕ್ಷನ್ ಟೋಸಿಲಿಜುಮ್ಯಾಬ್ ತಗೋತಿದ್ದೇನೆ. ಐಎಲ್-6 ಬಂದು ಕೂರುವ ಜಾಗವನ್ನೇ ಅದು ಹಿಡಿದುಬಿಡುತ್ತದೆ. ನನಗೆ ಸೀರೆ ನೆರಿಗೆ ಹಿಡಿಯಲು ಬಂತು, ಹಿಮೋಗ್ಲೋಬಿನ್ನೂ ಏರಿತು. ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ತಪ್ಪದೆ ಮಾಡಿಸು. ಇನ್ನೊಂದು, ಹೋದ ಮಳೆಗಾಲದಲ್ಲಿ ಕಾಲಿನ ಗಾಯ ಕೀವಾಯಿತು. ಜ್ವರ ಇಲ್ಲ, ಸಿಆರ್‌ಪಿ ನಾರ್ಮಲ್. ಈ ಔಷಧಿ ಎರಡನ್ನೂ ಅಡಗಿಸುತ್ತದೆ. ಜ್ವರ ಬರಲಿ ಅಂತ ಕಾಯಬೇಡಿ, ಏನೇ ಅನುಮಾನ ಬಂದರೂ ಅವತ್ತೇ ತೋರಿಸಿ.

ಧಾರವಾಡ ಲ್ಯಾಬ್:
ಅಕ್ಕಾವ್ರು ಹೇಳಿದ್ದು ನಿಜ. ಇಂಜೆಕ್ಷನ್ ಆದಮೇಲೆ ರಕ್ತದಲ್ಲಿ ಐಎಲ್-6 ಇನ್ನೂ ಜಾಸ್ತಿ ಕಾಣಬಹುದು, ಗಾಬರಿ ಬೇಡ. ಕೂರಲು ಜಾಗ ಸಿಗದೆ ರಕ್ತದಲ್ಲೇ ಓಡಾಡುತ್ತಿರುತ್ತದೆ, ಅಷ್ಟೇ.

ಬೆಟಗೇರಿ ಮಗಳು:
ನಿನ್ನೆ ರಾತ್ರಿ ಅವ್ವನಿಗೆ ಹಗೇವಿನ ಮಾತು ಹೇಳಿದೆ. ಎದ್ದು ಹೋಗಿ ಒಂದು ಡಬ್ಬಿ ತಂದಳು. ನಾನು ನಂಬುವುದಿಲ್ಲ ಅಂತ ಖಾಲಿ ಗುಳಿಗೆ ಪಟ್ಟಿಗಳನ್ನೆಲ್ಲ ಎತ್ತಿಟ್ಟಿದ್ದಳು. ಸೊಟ್ಟ ಬೆರಳಿನಿಂದ ಒಂದೊಂದೇ ನನ್ನ ಮುಂದಿಟ್ಟಳು. ಒಂಬತ್ತು ಪಟ್ಟಿ, ಒಂದೂ ಗುಳಿಗೆ ಉಳಿದಿರಲಿಲ್ಲ. ಸೋಮವಾರ ಟಿಬಿ ಪರೀಕ್ಷೆಗೆ ಹೋಗುತ್ತೇವೆ.